ಊರವರ ಕೂಗಿಗೆ ಒಲಿಯುವ ಬೆಳ್ಳಿ ಬಟ್ಟಲು

ಟೆನಿಸ್‌ನಲ್ಲಿ ಆಟಗಾರ ಒಂಟಿ. ವಿಂಬಲ್ಡನ್ ಇರಲಿ, ಪ್ಯಾರಿಸ್ ಇರಲಿ, ಅಂಪೈರ್ ಕೂಗುವುದು ಅವನ ಹೆಸರನ್ನು; ಗೆದ್ದ ಹಣ ಸೇರುವುದು ಅವನ ಖಾತೆಗೆ. ಡೇವಿಸ್ ಕಪ್‌ನಲ್ಲಿ ಹಾಗಲ್ಲ. ಎತ್ತರದ ಕುರ್ಚಿಯಲ್ಲಿ ಕುಳಿತ ಅಂಪೈರ್ ಗೇಮ್ ಮುಗಿದಾಗ ಹೇಳುವುದು ದೇಶದ ಹೆಸರು: 'ಗೇಮ್, ಇಂಡಿಯಾ'. ಬದಿ ಬದಲಿಸುವ ಬಿಡುವಿನಲ್ಲಿ ಆಟಗಾರ ಬಂದು ಕೂರುವ ಜಾಗದಲ್ಲಿ ಇನ್ನೊಬ್ಬರು ಕಾದಿರುತ್ತಾರೆ. ಅವರು ತಂಡದ ನಾಯಕ, ಆದರೆ ರ‍್ಯಾಕೆಟ್ ಹಿಡಿಯದ ನಾಯಕ. ಟವೆಲ್ ಕೊಟ್ಟು, ನೀರಿನ ಬಾಟಲಿ ಮುಂದೆ ಹಿಡಿದು, ಎದುರಾಳಿಯ ಬ್ಯಾಕ್‌ಹ್ಯಾಂಡ್ ಯಾಕೋ ಸೊರಗಿದೆ ನೋಡು ಎಂದು ಪಿಸುಗುಟ್ಟುವುದು ಅವರ ಕೆಲಸ. ಬೇರೆ ಟೂರ್ನಿಗಳಲ್ಲಿ ಆಟದ ನಡುವೆ ಹೀಗೆ ಬುದ್ಧಿ ಹೇಳುವುದು ಮೊನ್ನೆ ಮೊನ್ನೆಯವರೆಗೂ ನಿಯಮಬಾಹಿರವಾಗಿತ್ತು. ಬೆನ್ನ ಹಿಂದೆ ಬೆಂಚಿನ ಮೇಲೆ ತಂಡದ ಉಳಿದವರು. ಅವರ ಹಿಂದೆ, ಪಂದ್ಯ ನಮ್ಮೂರಲ್ಲೇ ಆದರೆ, ನಮ್ಮೂರಿನ ಜನ.

ಇದನ್ನು ಶುರು ಮಾಡಿದವನು ಡ್ವೈಟ್ ಡೇವಿಸ್, ಅಮೆರಿಕದ ಸೇಂಟ್ ಲೂಯಿಸ್‌ನ ಸಿರಿವಂತರ ಮನೆಯ ಹುಡುಗ. 1900ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ತನ್ನದೇ ದುಡ್ಡಿನಲ್ಲಿ ಬಾಸ್ಟನ್‌ನ ಆಭರಣ ವ್ಯಾಪಾರಿಗಳಿಂದ ಒಂದು ದೊಡ್ಡ ಬೆಳ್ಳಿ ಬಟ್ಟಲು ಮಾಡಿಸಿದ. ಅದರ ತೂಕ 217 ಔನ್ಸ್, ನಮ್ಮ ಲೆಕ್ಕದಲ್ಲಿ ಸುಮಾರು ಆರೂಮುಕ್ಕಾಲು ಕೆ.ಜಿ. ಅಮೆರಿಕ ಮತ್ತು ಬ್ರಿಟನ್ ತಂಡಗಳು ಇದಕ್ಕಾಗಿ ಆಡಲಿ ಎಂಬುದು ಅವನ ಆಸೆ. ಆಡುವ ಕ್ರಮವನ್ನೂ ಅವನೇ ಹಾಕಿಕೊಟ್ಟ: ಮೊದಲ ದಿನ ಎರಡು ಸಿಂಗಲ್ಸ್, ಎರಡನೇ ದಿನ ಒಂದು ಡಬಲ್ಸ್, ಮೂರನೇ ದಿನ ಎದುರಾಳಿಗಳನ್ನು ಅದಲುಬದಲು ಮಾಡಿ ಮತ್ತೆರಡು ಸಿಂಗಲ್ಸ್. ಐದರಲ್ಲಿ ಮೂರು ಗೆದ್ದವರಿಗೆ ಜಯ. ಈ ಏರ್ಪಾಡು 118 ವರ್ಷ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಬಹುಮಾನ ಕೊಟ್ಟವನೇ ತಂಡದ ನಾಯಕನಾಗಿ ಕಣಕ್ಕಿಳಿದು, ಗೆದ್ದು, ಬಟ್ಟಲನ್ನು ಮನೆಯಲ್ಲೇ ಉಳಿಸಿಕೊಂಡದ್ದು ಬೇರೆ ಮಾತು. ಈತ ಮುಂದೆ ಅಮೆರಿಕದ ಯುದ್ಧ ಖಾತೆಯ ಸಚಿವನಾದ, ಆಮೇಲೆ ಫಿಲಿಪ್ಪೀನ್ಸ್‌ನ ಗವರ್ನರ್ ಜನರಲ್ ಆದ. ಜನಕ್ಕೆ ನೆನಪಿರುವುದು ಮಾತ್ರ ಬಟ್ಟಲು ಮಾಡಿಸಿದವನೆಂದು.

1900ರ ಆಗಸ್ಟ್‌ನಲ್ಲಿ ಬಾಸ್ಟನ್ ಬಳಿಯ ಲಾಂಗ್‌ವುಡ್ ಕ್ರಿಕೆಟ್ ಕ್ಲಬ್‌ಗೆ ಬಂದ ಬ್ರಿಟಿಷರು ಅಂಕಣ ನೋಡಿಯೇ ಮುಖ ಸಿಂಡರಿಸಿದರು. ಹುಲ್ಲು ಉದ್ದ, ನೆಟ್ ಜೋಲು, ಚೆಂಡು ಮೆತ್ತಗೆ ಎಂದು ರೋಪರ್ ಬ್ಯಾರೆಟ್ ಎಂಬ ಆಟಗಾರ ಗೊಣಗಿದ್ದು ದಾಖಲಾಗಿದೆ. ಅಮೆರಿಕನ್ನರ ತಿರುವಿನ ಸರ್ವ್ ಅವರಿಗೆ ಹೊಸದು, ಪುಟಿದ ಚೆಂಡು ಎತ್ತ ಹೊರಳುತ್ತದೆಂದೇ ತಿಳಿಯಲಿಲ್ಲ. 3–0 ಆಗುವಷ್ಟರಲ್ಲಿ ಮಳೆ ಬಂದು ಉಳಿದ ಆಟ ನಿಂತಿತು. ಅತಿಥಿಗಳ ಈ ಗೊಣಗಾಟ ನನಗಂತೂ ಸಣ್ಣ ವಿಷಯವಾಗಿ ಕಾಣುವುದಿಲ್ಲ. ಡೇವಿಸ್ ಕಪ್‌ನ ಪ್ರಾಣ ಇರುವುದೇ ಅದರಲ್ಲಿ. ಆತಿಥೇಯರು ತಮಗೆ ಒಗ್ಗುವ ನೆಲ ಆರಿಸಿಕೊಳ್ಳುತ್ತಾರೆ: ಹುಲ್ಲೋ, ಆವೆ ಮಣ್ಣೋ, ಸಿಮೆಂಟಿನಂಥ ಗಟ್ಟಿ ಅಂಕಣವೋ. ಊರು ಅವರದು, ಬಿಸಿಲು ಅವರದು, ಕೂಗುವ ಬಾಯಿಗಳೂ ಅವರವೇ.

ಈ ಹಕ್ಕನ್ನು ಕೆಲವರು ಎಲ್ಲಿಯವರೆಗೆ ಎಳೆದರು ಎಂಬುದಕ್ಕೆ ಪ್ಯಾರಿಸ್ ಸಾಕ್ಷಿ. 1927ರಲ್ಲಿ ಬೊರೊತ್ರಾ, ಬ್ರುನ್ಯೋ, ಕೋಶೆ, ಲಕೋಸ್ತ್ ಎಂಬ ನಾಲ್ವರ ಫ್ರೆಂಚ್ ತಂಡ ಅಮೆರಿಕಕ್ಕೆ ಹೋಗಿ ಕಪ್ ಕಿತ್ತುಕೊಂಡು ಬಂತು. ಮರುವರ್ಷ ಅದನ್ನು ಉಳಿಸಿಕೊಳ್ಳುವ ಪಂದ್ಯ ತಮ್ಮ ಊರಲ್ಲಿ. ಅದಕ್ಕೆ ತಕ್ಕ ಕ್ರೀಡಾಂಗಣ ಇರಲಿಲ್ಲ, ಕಟ್ಟಿದರು. ಇವತ್ತು ಫ್ರೆಂಚ್ ಓಪನ್ ನಡೆಯುವ ರೋಲಾಂ ಗ್ಯಾರೋಸ್ ಹುಟ್ಟಿದ್ದು ಹೀಗೆ. 1932ರ ಫೈನಲ್‌ಗೆ ಬಂದ ಅಮೆರಿಕದ ಎಲ್ಸ್‌ವರ್ತ್ ವೈನ್ಸ್‌ನ ಬಿರುಸಿನ ಹೊಡೆತ ತಗ್ಗಿಸಲು ಅಲ್ಲಿನ ಮಣ್ಣಿಗೆ ಬೇಕೆಂದೇ ಹೆಚ್ಚು ನೀರು ಹಾಕಿದ್ದರೆಂಬ ಆರೋಪ ಇಂದಿಗೂ ಸತ್ತಿಲ್ಲ. ಆ ವರ್ಷವೂ ಕಪ್ ಫ್ರಾನ್ಸ್‌ನಲ್ಲೇ ಉಳಿಯಿತು.

ಇದಕ್ಕಿಂತ ಕೆಟ್ಟ ಕಥೆ 1972ರ ಬುಕಾರೆಸ್ಟ್‌ನದು. ರೊಮೇನಿಯಾಕ್ಕೆ ಈಲಿ ನಸ್ತಾಸೆ ಮತ್ತು ಇಯೋನ್ ತಿರಿಯಾಕ್, ಅಮೆರಿಕಕ್ಕೆ ಸ್ಟಾನ್ ಸ್ಮಿತ್. ಮ್ಯೂನಿಕ್ ಒಲಿಂಪಿಕ್ಸ್‌ನ ಹತ್ಯಾಕಾಂಡ ನಡೆದು ತಿಂಗಳಷ್ಟೇ ಆಗಿತ್ತು, ಪೊಲೀಸ್ ಕಾವಲಿನಲ್ಲಿ ಆಟ. ಆವೆ ಮಣ್ಣಿನ ನಿಧಾನ ಅಂಕಣ ಸ್ಮಿತ್‌ನ ಸರ್ವ್‌ಗೆ ಶತ್ರು. ಅದಕ್ಕಿಂತ ದೊಡ್ಡ ಶತ್ರುಗಳು ಗೆರೆ ಕಾಯುವ ಸ್ಥಳೀಯ ಲೈನ್ಸ್‌ಮನ್‌ಗಳು. ಗೆರೆಯ ಒಳಗೆ ಬಿದ್ದ ಸ್ಮಿತ್‌ನ ಚೆಂಡು ಹೊರಗೆ, ಹೊರಗೆ ಬಿದ್ದ ತಿರಿಯಾಕ್‌ನ ಚೆಂಡು ಒಳಗೆ. ಐದನೇ ಸೆಟ್‌ಗೆ ಬಂದಾಗ ಸ್ಮಿತ್ ಗೆರೆಯ ಹತ್ತಿರ ಹೊಡೆಯುವ ಗೋಜಿಗೇ ಹೋಗದೆ ಆಡಿ, 6–0ಯಿಂದ ಮುಗಿಸಿದ. ವಂಚನೆಗೂ ಒಂದು ಮಿತಿ ಇದೆ, ನಡು ಅಂಕಣದಲ್ಲಿ ಬಿದ್ದ ಚೆಂಡನ್ನು ಹೊರಗೆ ಎನ್ನಲು ಯಾವ ಲೈನ್ಸ್‌ಮನ್‌ಗೂ ಬಾಯಿ ಬಾರದು.

1971ರವರೆಗೆ ಕಪ್ ಗೆದ್ದ ದೇಶಕ್ಕೆ ಇನ್ನೊಂದು ಸವಲತ್ತೂ ಇತ್ತು. ಗೆದ್ದ ಜಟ್ಟಿ ಅಖಾಡದಲ್ಲಿ ಕಾಲು ಚಾಚಿ ಕುಳಿತಿರುತ್ತಾನೆ. ಉಳಿದವರು ವರ್ಷವಿಡೀ ತಮ್ಮತಮ್ಮಲ್ಲೇ ಸೆಣಸಿ ಒಬ್ಬನನ್ನು ಅವನೆದುರು ಕಳಿಸಬೇಕು. ಬಂದವನು ಅಷ್ಟು ಹೊತ್ತಿಗೆ ಹೈರಾಣ. ಹ್ಯಾರಿ ಹಾಪ್‌ಮನ್ ಎಂಬ ಕಟ್ಟುನಿಟ್ಟಿನ ನಾಯಕನ ಕೈಯಲ್ಲಿ ಐವತ್ತು–ಅರವತ್ತರ ದಶಕಗಳಲ್ಲಿ ಆಸ್ಟ್ರೇಲಿಯಾ ಕಪ್ಪನ್ನು ಮನೆಯ ಸಾಮಾನಿನಂತೆ ಇಟ್ಟುಕೊಂಡಿತ್ತು. ಇವತ್ತಿಗೂ ಲೆಕ್ಕದಲ್ಲಿ ಅಮೆರಿಕ 32, ಆಸ್ಟ್ರೇಲಿಯಾ 28. ಉಳಿದವರು ಬಹಳ ಹಿಂದೆ. ಗೆದ್ದವರ ಹೆಸರು ಕೆತ್ತಲು ಜಾಗ ಸಾಲದೆ ಬಟ್ಟಲಿನ ಅಡಿಗೆ ಪೀಠದ ಕೆಳಗೆ ಪೀಠ ಸೇರಿಸುತ್ತಾ ಹೋಗಿ ಒಟ್ಟು ತೂಕ ನೂರು ಕೆ.ಜಿ. ದಾಟಿದೆ. ಡೇವಿಸ್ ಮಾಡಿಸಿದ್ದನ್ನು ಒಬ್ಬರು ಎತ್ತಬಹುದಿತ್ತು, ಈಗಿನದಕ್ಕೆ ಇಡೀ ತಂಡ ಕೈ ಹಾಕಬೇಕು.

ಭಾರತ 1921ರಿಂದ ಆಡುತ್ತಿದೆ. ಮೂರು ಸಲ ಫೈನಲ್ ತಲುಪಿದ್ದೇವೆ, ಕಪ್ ಬಂದಿಲ್ಲ. ಮೊದಲನೆಯದು 1966. ಫೈನಲ್‌ಗೆ ಮುನ್ನ ಕಲ್ಕತ್ತದ ಸೌತ್ ಕ್ಲಬ್‌ನ ಹುಲ್ಲಿನಂಕಣದಲ್ಲಿ ಬ್ರೆಜಿಲ್ ವಿರುದ್ಧ 2–2 ಆಗಿ ಐದನೇ ಪಂದ್ಯ. ಅದೇ ಬ್ರೆಜಿಲ್ ಆ ವರ್ಷ ಅಮೆರಿಕವನ್ನೇ ಮನೆಗೆ ಕಳಿಸಿತ್ತು. ಎಡಗೈ ಆಟಗಾರ ಥೋಮಸ್ ಕಾಕ್ 2–1 ಸೆಟ್‌ಗಳಿಂದ ಮುಂದೆ, ನಾಲ್ಕನೇ ಸೆಟ್‌ನಲ್ಲಿ 5–2. ಈ ಕಡೆ ರಾಮನಾಥನ್ ಕೃಷ್ಣನ್: ಬಿರುಸಾದ ಸರ್ವ್ ಇಲ್ಲ, ಎದುರಾಳಿಯನ್ನು ಹೆದರಿಸುವ ಮೈಕಟ್ಟಿಲ್ಲ, ಇರುವುದು ಚೆಂಡನ್ನು ಬೇಕಾದಲ್ಲಿ ಇಳಿಸುವ ಮಣಿಕಟ್ಟು. ಅಲ್ಲಿಂದ ಸತತ ಐದು ಗೇಮ್ ತೆಗೆದು 7–5 ಮಾಡಿದರು, ಕೊನೆಯ ಸೆಟ್ 6–2. ಫೈನಲ್ ಆಸ್ಟ್ರೇಲಿಯಾ ವಿರುದ್ಧ, ಮೆಲ್ಬರ್ನ್‌ನಲ್ಲಿ. ಸೋತದ್ದು 4–1ರಿಂದ, ಆ ಒಂದು ಮಾತ್ರ ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿಯ ಜೋಡಿ ನ್ಯೂಕಂಬ್–ರೋಚ್ ಎಂಬ ದಿಗ್ಗಜ ಜೋಡಿಯನ್ನು ಅವರ ನೆಲದಲ್ಲೇ ಮಣಿಸಿ ಪಡೆದದ್ದು.

1974ರದ್ದು ಆಡದ ಫೈನಲ್. ಆ ವರ್ಷ ಕಲ್ಕತ್ತದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಹಣಾಹಣಿ 327 ಗೇಮ್‌ಗಳವರೆಗೆ ಎಳೆಯಿತು. ಆಗ ಡೇವಿಸ್ ಕಪ್‌ನಲ್ಲಿ ಟೈಬ್ರೇಕರ್ ಇರಲಿಲ್ಲ. ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರು ಗೆದ್ದ ಡಬಲ್ಸ್ ಒಂದರದ್ದೇ ಅಂಕ 17–15, 6–8, 6–3, 16–18, 6–4. ಆಮೇಲೆ ಪುಣೆಯಲ್ಲಿ ಸೋವಿಯತ್ ಒಕ್ಕೂಟ ಸೋತಿತು. ಫೈನಲ್‌ನಲ್ಲಿ ಎದುರಿಗೆ ಸಿಕ್ಕಿದ್ದು ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾ. ಭಾರತ ಆಡುವುದಿಲ್ಲ ಎಂದಿತು. ವಿಜಯ್‌ಗೆ ಆಗ ಇಪ್ಪತ್ತು ವರ್ಷ. ಕಪ್ ಗೆಲ್ಲುವ ಅಷ್ಟು ಹತ್ತಿರದ ಅವಕಾಶ ನಮ್ಮವರಿಗೆ ಮತ್ತೆ ಬರಲಿಲ್ಲ. ಪೀಠದ ಮೇಲೆ ಆ ವರ್ಷದ ಹೆಸರು ದಕ್ಷಿಣ ಆಫ್ರಿಕಾದ್ದೇ. ಭಾರತ ಈ ಕಪ್‌ನಲ್ಲಿ ಗೆದ್ದ ಯಾವ ಪಂದ್ಯಕ್ಕಿಂತಲೂ ಅಂದು ಆಡದೆ ಬಿಟ್ಟದ್ದು ದೊಡ್ಡದು ಎಂದೇ ನನ್ನ ಅಭಿಪ್ರಾಯ.

ಮೂರನೆಯದು 1987. ದೆಹಲಿಯ ಹುಲ್ಲಿನಂಕಣದಲ್ಲಿ 33ರ ವಿಜಯ್ ಅಮೃತರಾಜ್ ಅರ್ಜೆಂಟೀನಾದ ಮಾರ್ಟಿನ್ ಹೈಟೆ ವಿರುದ್ಧ ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೆದ್ದರು. ಸಿಡ್ನಿಯ ಸೆಮಿಫೈನಲ್‌ನಲ್ಲಿ, ಅದೂ ಐದನೇ ಪಂದ್ಯದಲ್ಲಿ, ರಾಮನಾಥನ್ ಅವರ ಮಗ ರಮೇಶ್ ಕೃಷ್ಣನ್ ಆಸ್ಟ್ರೇಲಿಯಾವನ್ನು ಹೊರಗಟ್ಟಿದರು. ಫೈನಲ್‌ಗೆ ಸ್ವೀಡನ್ನರು ಗೋಥೆನ್‌ಬರ್ಗ್‌ನ ಒಳಾಂಗಣದಲ್ಲಿ ಆವೆ ಮಣ್ಣು ಹಾಸಿದರು. ಹುಲ್ಲಿನ ಮೇಲೆ ಬೆಳೆದ ನಮ್ಮವರು 5–0ಯಿಂದ ಸೋತರು. ಅದಕ್ಕೆ ಯಾರನ್ನು ದೂರುವುದು? ನಾವೂ ಎಲ್ಲರನ್ನೂ ಹುಲ್ಲಿಗೇ ಕರೆಸುತ್ತಿದ್ದೆವಲ್ಲ.

ಆ ಮಣ್ಣಿನ ಭಯ 1993ರಲ್ಲಿ ಒಮ್ಮೆ ಮುರಿಯಿತು: ಫ್ರಾನ್ಸ್‌ನ ಫ್ರೆಜುಸ್‌ನಲ್ಲಿ, ಅವರ ಮಣ್ಣಿನ ಮೇಲೇ, ರಮೇಶ್ ಕೃಷ್ಣನ್ ಮತ್ತು ಇಪ್ಪತ್ತರ ಲಿಯಾಂಡರ್ ಪೇಸ್ ಆತಿಥೇಯರನ್ನು ಸೋಲಿಸಿದರು. ಪೇಸ್ ಈ ಕಪ್‌ಗೆಂದೇ ಹುಟ್ಟಿದಂಥ ಆಟಗಾರ. ಮಹೇಶ್ ಭೂಪತಿ ಜೊತೆ ಸತತ 24 ಡಬಲ್ಸ್ ಪಂದ್ಯ ಗೆದ್ದದ್ದು ದಾಖಲೆ. 2018ರಲ್ಲಿ ಚೀನಾದ ಟಿಯಾಂಜಿನ್‌ನಲ್ಲಿ 43ನೇ ಡಬಲ್ಸ್ ಗೆದ್ದು ಇಟಲಿಯ ನಿಕೊಲಾ ಪಿಯೆಟ್ರಾಂಜೆಲಿ ಅವರ ದಾಖಲೆ ದಾಟಿದರು. ಆಗ ಪಕ್ಕದಲ್ಲಿದ್ದವರು ಕೊಡಗಿನ ರೋಹನ್ ಬೋಪಣ್ಣ.

ಬೋಪಣ್ಣ ಎಂದರೆ ಡಬಲ್ಸ್ ಎಂದಷ್ಟೇ ತಿಳಿದವರು 2010ರ ಚೆನ್ನೈ ನೆನಪಿಸಿಕೊಳ್ಳಬೇಕು. ಬ್ರೆಜಿಲ್ ವಿರುದ್ಧ 0–2 ಹಿಂದಿದ್ದ ಭಾರತ 2–2ಕ್ಕೆ ಬಂದಾಗ, ಐದನೇ ಸಿಂಗಲ್ಸ್‌ನಲ್ಲಿ ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಕೆಡವಿದ್ದು ಇದೇ ಬೋಪಣ್ಣ. ಬೆಂಗಳೂರಿನವರು ಅವರನ್ನು ಹತ್ತಿರದಿಂದ ಕಂಡದ್ದು 2014ರ ಸೆಪ್ಟೆಂಬರ್‌ನಲ್ಲಿ, ಕಬ್ಬನ್ ಪಾರ್ಕ್‌ನ ಕೆಎಸ್‌ಎಲ್‌ಟಿಎ ಅಂಕಣದಲ್ಲಿ. ಎದುರಾಳಿ ಸರ್ಬಿಯಾ; ಜೊಕೊವಿಚ್ ಬಂದಿರಲಿಲ್ಲ. ಮೊದಲ ದಿನವೇ 0–2. ಡಬಲ್ಸ್‌ನಲ್ಲಿ 41ರ ಪೇಸ್, 34ರ ಬೋಪಣ್ಣ ಮೊದಲ ಸೆಟ್ 1–6, ಎರಡನೆಯದನ್ನು ಟೈಬ್ರೇಕರ್‌ನಲ್ಲಿ ಕಳೆದುಕೊಂಡು, ಆಮೇಲೆ ಮೂರೂ ಸೆಟ್ ಗೆದ್ದರು, ಕೊನೆಯದು 8–6. ಮರುದಿನ ಸೋಮದೇವ್ ದೇವವರ್ಮನ್ ಐದು ಸೆಟ್ ಆಡಿ 2–2 ಮಾಡಿದರು. ಆಗ ಬಂತು ಬೆಂಗಳೂರಿನ ಮಳೆ. ಸೋಮವಾರಕ್ಕೆ ಹೋದ ಕೊನೆಯ ಪಂದ್ಯದಲ್ಲಿ ಯೂಕಿ ಭಾಂಬ್ರಿ ಸೋತರು. 2023ರಲ್ಲಿ ಲಖನೌದಲ್ಲಿ ಮೊರಾಕ್ಕೊ ವಿರುದ್ಧ ಆಡಿ ಬೋಪಣ್ಣ ಡೇವಿಸ್ ಕಪ್‌ಗೆ ವಿದಾಯ ಹೇಳಿದರು. ಕೆಲವೇ ತಿಂಗಳಲ್ಲಿ, 43ರ ವಯಸ್ಸಿನಲ್ಲಿ, ಆಸ್ಟ್ರೇಲಿಯಾ ಓಪನ್ ಡಬಲ್ಸ್ ಗೆದ್ದು ವಿಶ್ವದ ಒಂದನೇ ರ‍್ಯಾಂಕಿಗೆ ಏರಿದರು.

ಇಷ್ಟೆಲ್ಲ ಇದ್ದೂ ದೊಡ್ಡ ಆಟಗಾರರು ಈ ಕಪ್ ತಪ್ಪಿಸಿಕೊಳ್ಳತೊಡಗಿದ್ದರು. ವರ್ಷದಲ್ಲಿ ನಾಲ್ಕು ವಾರಾಂತ್ಯ, ಐದು ಸೆಟ್‌ಗಳ ಪಂದ್ಯ, ಇಂದು ಹುಲ್ಲು ನಾಳೆ ಮಣ್ಣು: ಮೈ ಎಷ್ಟು ತಾಳೀತು? 2018ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಫುಟ್‌ಬಾಲ್ ಆಟಗಾರ ಜೆರಾರ್ಡ್ ಪಿಕೆಯ ಕಾಸ್ಮೋಸ್ ಕಂಪನಿಯೊಂದಿಗೆ 25 ವರ್ಷಗಳ ಒಪ್ಪಂದಕ್ಕೆ ಒಪ್ಪಿತು, ಮೊತ್ತ 300 ಕೋಟಿ ಡಾಲರ್. ಪಂದ್ಯ ಮೂರು ಸೆಟ್‌ಗೆ ಇಳಿಯಿತು. 18 ದೇಶಗಳು ಒಂದೇ ಊರಿಗೆ ಬಂದು ಒಂದೇ ವಾರದಲ್ಲಿ ಫೈನಲ್ಸ್ ಮುಗಿಸಬೇಕಾಯಿತು. 2019ರಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಪೇನ್ ಆಡಿದಾಗ ಕ್ರೀಡಾಂಗಣ ತುಂಬಿತು, ಬೇರೆ ದೇಶಗಳೆರಡು ಆಡಿದಾಗ ಕುರ್ಚಿಗಳು ಖಾಲಿ. ಯಾರದೂ ಅಲ್ಲದ ಊರಿನಲ್ಲಿ ಯಾರು ಕೂಗಬೇಕು? 25 ವರ್ಷದ ಒಪ್ಪಂದ 2023ರ ಜನವರಿಯಲ್ಲೇ ಮುರಿದುಬಿತ್ತು.

ಈಗಿನದು ರಾಜಿ ಏರ್ಪಾಡು. ಕೊನೆಯ ಎಂಟು ದೇಶಗಳು ಮಾತ್ರ ಒಂದೆಡೆ ಸೇರುತ್ತವೆ. 2025ರಲ್ಲಿ ಅದು ಬೊಲೊನ್ಯಾ, ಗೆದ್ದದ್ದು ಆತಿಥೇಯ ಇಟಲಿ, ಸತತ ಮೂರನೇ ಸಲ. ಅದಕ್ಕೂ ಕೆಳಗಿನ ಸುತ್ತುಗಳು ಹಳೆಯ ರೀತಿಯಲ್ಲೇ ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಆಡುವಂಥವು. 150ಕ್ಕೂ ಹೆಚ್ಚು ದೇಶಗಳು ಆಡುವ ಕಪ್‌ನಲ್ಲಿ ಹೆಚ್ಚಿನವರ ಪಾಲಿಗೆ ಡೇವಿಸ್ ಕಪ್ ಎಂದರೆ ಇದೇ. 2025ರ ಸೆಪ್ಟೆಂಬರ್‌ನಲ್ಲಿ ಭಾರತ ಸ್ವಿಟ್ಜರ್ಲೆಂಡಿನ ಬೀಲ್‌ಗೆ ಹೋಗಿ 3–1ರಿಂದ ಗೆದ್ದು ಬಂತು. ಯುರೋಪಿನ ದೇಶವೊಂದನ್ನು ಅದರ ನೆಲದಲ್ಲೇ ನಮ್ಮವರು ಸೋಲಿಸಿದ್ದು ಫ್ರೆಜುಸ್ ಆದಮೇಲೆ ಅದೇ ಮೊದಲು.

ಎರಡು ದಿನಗಳ ಈಗಿನ ಪಂದ್ಯ ನಿಮ್ಮೂರಿಗೆ ಬಂದು, ಒಂದೇ ದಿನದ ಟಿಕೆಟ್ ಸಿಗುವಂತಿದ್ದರೆ ಎರಡನೇ ದಿನದ್ದು ತೆಗೆದುಕೊಳ್ಳಿ. ಡಬಲ್ಸ್ ಮೊದಲು, ಅದರ ಬೆನ್ನಿಗೇ ಎರಡು ಸಿಂಗಲ್ಸ್. ನಾಯಕನ ಕುರ್ಚಿ ಕಾಣುವ ಬದಿಯಲ್ಲಿ ಜಾಗ ಹಿಡಿದರೆ ಇನ್ನೂ ಒಳ್ಳೆಯದು.