ಉಲ್ಕೆಯೋ, ಉಪಗ್ರಹವೋ? ಗೆರೆ ನೋಡಿ ಹೇಳಿ!

2022ರ ಏಪ್ರಿಲ್ 2, ಯುಗಾದಿ ಹಬ್ಬದ ಸಂಜೆ. ಮಹಾರಾಷ್ಟ್ರದ ವಿದರ್ಭದ ಕಡೆ ಬೆಂಕಿಯ ಉಂಡೆಗಳು ಸಾಲಾಗಿ ಆಕಾಶ ದಾಟಿ ಹೋದವು. ಜನ ಮೊಬೈಲ್ ತೆಗೆದು ವಿಡಿಯೋ ಮಾಡಿದರು, ‘ಉಲ್ಕಾಪಾತ’ ಅಂತ ಬರೆದು ವಾಟ್ಸ್ಯಾಪ್‌ನಲ್ಲಿ ಹರಿಬಿಟ್ಟರು. ಅದೇ ರಾತ್ರಿ ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆ ಬಿದ್ದದ್ದು ಸಿಕ್ಕಿತು. ಅದು ಚೀನಾದ ರಾಕೆಟ್‌ನ ಅವಶೇಷ ಅಂತ ತಜ್ಞರು ಗುರುತಿಸಿದರು.

ಆ ವಿಡಿಯೋಗಳಲ್ಲೇ ಸುಳಿವಿತ್ತು. ಉಲ್ಕೆ ಅಷ್ಟು ನಿಧಾನವಾಗಿ ಹೋಗಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ, ಹೆಚ್ಚೆಂದರೆ ಒಂದೆರಡು ಸೆಕೆಂಡಲ್ಲಿ ಮುಗಿದುಹೋಗುತ್ತೆ. ತುಂಡುತುಂಡಾಗಿ, ಸಾಲಾಗಿ, ಆರಾಮಾಗಿ ಉರಿಯುತ್ತಾ ಸಾಗಿದರೆ ಅದು ಮನುಷ್ಯ ಮೇಲೆ ಕಳಿಸಿದ ಸಾಮಾನು ಅನ್ನೋ ಸಾಧ್ಯತೆಯೇ ಜಾಸ್ತಿ.

ವಾರವೆಲ್ಲಾ ಬೆಂಗಳೂರಲ್ಲಿ ಕೋಡ್ ಬರೆಯುವ ನನಗೆ ರಾತ್ರಿ ಆಕಾಶದ ಫೋಟೋ ತೆಗೆಯುವ ಹುಚ್ಚು. ಈ ಹುಚ್ಚಿಗೆ ಲಕ್ಷಗಟ್ಟಲೆ ಖರ್ಚು ಬೇಕಿಲ್ಲ. ಪ್ರೋ ಮೋಡ್ ಇರುವ ಫೋನ್, ಅಲುಗಾಡದ ಟ್ರೈಪಾಡ್, ಮತ್ತೆ ಕತ್ತಲು. ಈ ಮೂರರಲ್ಲಿ ಸಿಗೋದು ಕಷ್ಟ ಅಂದ್ರೆ ಕತ್ತಲೇ.

ಯಾವಾಗ ಹೋಗಬೇಕು?

ಇಂಟರ್ನೆಟ್ ತುಂಬಾ ಆಗಸ್ಟ್‌ನ ಪರ್ಸೀಡ್ಸ್ ಉಲ್ಕಾವರ್ಷದ್ದೇ ಮಾತು. ನಮ್ಮಲ್ಲಿ ಆಗ ಮಳೆಗಾಲ, ಮೋಡ ಬಿಟ್ಟು ಬೇರೇನೂ ಕಾಣಲ್ಲ. ನಮ್ಮದು ಡಿಸೆಂಬರ್ 13–14ರ ಸುಮಾರಿನ ಜೆಮಿನಿಡ್ಸ್. ಮಿಥುನ ರಾಶಿಯ ಕಡೆಯಿಂದ ಚಿಮ್ಮುವಂತೆ ಕಾಣುವ ಈ ಉಲ್ಕೆಗಳ ಮೂಲ, 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ. ಹೆಚ್ಚಿನ ಉಲ್ಕಾವರ್ಷಗಳು ಧೂಮಕೇತುಗಳ ಧೂಳಿನಿಂದ ಬಂದರೆ ಇದು ಬೇರೆ ಥರ. ವೇಗ ಸೆಕೆಂಡಿಗೆ ಸುಮಾರು 35 ಕಿಲೋಮೀಟರ್. ಪರ್ಸೀಡ್ಸ್‌ದು 59. ಅಂದರೆ ಜೆಮಿನಿಡ್ಸ್ ಕ್ಯಾಮೆರಾಗೆ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತವೆ.

ರಾತ್ರಿ ಎರಡರ ಸುಮಾರಿಗೆ ಮಿಥುನ ನೆತ್ತಿ ಮೇಲೆ ಬರುತ್ತೆ. ಹುಣ್ಣಿಮೆ ಆಸುಪಾಸು ಬಂದಿದ್ದರೆ ಆ ವರ್ಷ ನಿರೀಕ್ಷೆ ಕಮ್ಮಿ ಮಾಡಿಕೊಳ್ಳಿ.

ಸೆಟ್ಟಿಂಗ್ ಏನು?

ಅಗಲ ಲೆನ್ಸ್, ಫೋಕಸ್ ಇನ್ಫಿನಿಟಿಗೆ, ಐಎಸ್ಒ 1600ರಿಂದ 3200, ಎಕ್ಸ್‌ಪೋಷರ್ 15–20 ಸೆಕೆಂಡ್. ಕ್ಯಾಮೆರಾ ಇದ್ದವರಿಗೆ ಒಂದು ಸುಲಭ ಲೆಕ್ಕ: 500ನ್ನು ಲೆನ್ಸ್‌ನ ಫೋಕಲ್ ಲೆಂತ್‌ನಿಂದ ಭಾಗಿಸಿ. 24 ಮಿಲಿಮೀಟರ್ ಲೆನ್ಸ್ ಆದರೆ ಸುಮಾರು 20 ಸೆಕೆಂಡ್. ಅದಕ್ಕಿಂತ ಜಾಸ್ತಿ ಹೊತ್ತು ಬಿಟ್ಟರೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಚುಕ್ಕಿ ಬದಲು ಗೆರೆಯಾಗುತ್ತವೆ. ಟೈಮರ್ ಹಾಕಿ ಒಂದರ ಹಿಂದೆ ಒಂದು ಫೋಟೋ ತೆಗೀತಾ ಇರಿ. ಉಲ್ಕೆ ಕಂಡ ಮೇಲೆ ಬಟನ್ ಒತ್ತಿದರೆ ಅದು ಕಾಯಲ್ಲ!

ಆ ಗೆರೆ ಯಾರದು?

ಮಾರನೇ ದಿನ ಫೋಟೋಗಳನ್ನು ಜರಡಿ ಹಿಡಿಯೋದೇ ನನಗಿಷ್ಟದ ಕೆಲಸ. ಎರಡೂ ತುದಿ ಸಣ್ಣಗಾಗಿ, ನಡುವೆ ದಪ್ಪವಾಗಿ, ಕೆಲವೊಮ್ಮೆ ಹಸಿರು ಛಾಯೆಯಿದ್ದು, ಒಂದೇ ಫ್ರೇಮಿನಲ್ಲಿ ಮುಗಿದರೆ ಉಲ್ಕೆ. ಒಂದೇ ಸಮನಾದ ಬಿಳಿ ಗೆರೆಯಾಗಿದ್ದು ಮುಂದಿನ ಫ್ರೇಮಿಗೂ ಸಾಗಿದರೆ ಉಪಗ್ರಹ. ಕೆಂಪು–ಹಸಿರು ಚುಕ್ಕಿಗಳ ಸಾಲಿದ್ದರೆ ವಿಮಾನ. ಕೆಲವು ಉಪಗ್ರಹಗಳು ಫಳ್ಳನೆ ಹೊಳೆದು ಮಸುಕಾಗಿ ಥೇಟ್ ಉಲ್ಕೆಯಂತೆ ಕಾಣುತ್ತವೆ. ಹಿಂದಿನ, ಮುಂದಿನ ಫ್ರೇಮ್ ನೋಡದೆ ತೀರ್ಪು ಕೊಡಬೇಡಿ.

ಒಂದು ವಿಷಯ ನೆನಪಿರಲಿ. ಹಲವು ಫೋಟೋಗಳನ್ನು ಸೇರಿಸಿ ಒಂದು ಮಾಡುವ ಸಾಫ್ಟ್‌ವೇರ್‌ಗಳು, ಒಂದೇ ಫ್ರೇಮಿನಲ್ಲಿ ಇದ್ದದ್ದನ್ನು ‘ಕಸ’ ಅಂತ ಅಳಿಸಿಬಿಡಬಹುದು. ಉಪಗ್ರಹದ ಗೆರೆ ಹೋದರೆ ಸಂತೋಷ, ಜೊತೆಗೆ ಉಲ್ಕೆಯೂ ಹೋದರೆ? ಹಾಗಾಗಿ ಬಿಡಿ ಫೋಟೋಗಳನ್ನು ಅಳಿಸಬೇಡಿ. ಹಾಗೇ, ಇಡೀ ರಾತ್ರಿಯ ಇಪ್ಪತ್ತು ಉಲ್ಕೆಗಳನ್ನು ಒಂದೇ ಚಿತ್ರದಲ್ಲಿ ಜೋಡಿಸಿದ್ದರೆ ಜೋಡಿಸಿದ್ದು ಅಂತ ಬರೆಯಿರಿ. ಇಲ್ಲದಿದ್ದರೆ ಅದನ್ನು ನೋಡಿ ಆಸೆಯಿಂದ ತಾರಸಿ ಹತ್ತಿದವರು, ಗಂಟೆಗೆ ಹತ್ತಿಪ್ಪತ್ತು ಕಂಡಾಗ ಮೋಸ ಹೋದೆವು ಅಂದುಕೊಳ್ಳುತ್ತಾರೆ.

ಹವ್ಯಾಸಿಗಳ ಚಿತ್ರಕ್ಕೆ ಬೆಲೆಯೂ ಇದೆ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಗಾತ್ರದ ಬಂಡೆ ಸಿಡಿದಾಗ, ಅದು ಬಂದ ದಾರಿಯನ್ನು ವಿಜ್ಞಾನಿಗಳು ಲೆಕ್ಕ ಹಾಕಿದ್ದು ಜನರ ಕಾರುಗಳ ಕ್ಯಾಮೆರಾ ದೃಶ್ಯಗಳಿಂದ.

ಮಾವ ಕೇಳಿದ ಪ್ರಶ್ನೆ

ಪ್ರತಿ ಡಿಸೆಂಬರ್ ನಾನು ಹಿರಿಯೂರು ಕಡೆಯ ಸೋದರಮಾವನ ತೋಟಕ್ಕೆ ಹೋಗ್ತೀನಿ. ರಾತ್ರಿ ಪಾಳಿಯ ಕರೆಂಟ್ ಬಂದಾಗ ಮೋಟಾರ್ ಹಾಕೋಕೆ ಮಾವ ಎದ್ದು ಬರುತ್ತಾರೆ. ಆಕಾಶವನ್ನು ನನಗಿಂತ ಜಾಸ್ತಿ ನೋಡಿದವರು ಅವರು. ಹೋದ ಸಲ ಕೇಳಿದರು, “ಅಲ್ಲ ಕಣಪ್ಪಾ, ಮೊದ್ಲು ಚುಕ್ಕಿ ಬೀಳ್ತಿದ್ವು. ಈಗ ಓಡಾಡೋ ಚುಕ್ಕಿಗಳೇ ಜಾಸ್ತಿ ಆಗವಲ್ಲೋ?”

ನಿಜ. 2019ರ ಮೇನಲ್ಲಿ ಸ್ಟಾರ್‌ಲಿಂಕ್‌ನ ಮೊದಲ 60 ಉಪಗ್ರಹಗಳ ಕಂತೆ ಹಾರಿತು. ಈಗ ಅವು ಸಾವಿರಾರು. ಹಳ್ಳಿಗೆ ಇಂಟರ್ನೆಟ್ ಬೇಕು, ಬೇಡ ಅನ್ನೋಕೆ ನಾನ್ಯಾರು? ನನ್ನ ಅನ್ನವೂ ಅದರಿಂದಲೇ. ಆದರೆ ಸಂಜೆ ಮತ್ತು ಬೆಳಗಿನ ಜಾವದ ಫ್ರೇಮುಗಳಲ್ಲಿ ಗೆರೆ ಇಲ್ಲದ್ದನ್ನು ಹುಡುಕೋದೇ ಕಷ್ಟವಾಗಿದೆ. ನಡುರಾತ್ರಿ ಅವು ಭೂಮಿಯ ನೆರಳೊಳಗೆ ಹೋಗೋದರಿಂದ ಕಾಟ ಕಮ್ಮಿ. ಜೆಮಿನಿಡ್ಸ್‌ಗೂ ಅದೇ ಒಳ್ಳೇ ಸಮಯ.

ಮೇಲಿನ ಬೆಳಕು ನಮ್ಮ ಕೈಲಿಲ್ಲ, ಕೆಳಗಿನದು ಇದೆ. ಲಡಾಖ್‌ನ ಹಾನ್ಲೆಯಲ್ಲಿ ಕತ್ತಲನ್ನೇ ಕಾಪಾಡುವ ಪ್ರದೇಶ ಘೋಷಣೆಯಾಗಿದೆ. ಅದರ ಹಿಂದಿರುವುದು ನಮ್ಮ ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಅಷ್ಟು ದೊಡ್ಡದು ಬೇಡ. ಮಾವ ಅಂಗಳದ ಎಲ್ಇಡಿ ದೀಪಕ್ಕೆ ಹಳೇ ಎಣ್ಣೆ ಡಬ್ಬದ ತಗಡು ಕತ್ತರಿಸಿ ಟೋಪಿ ಮಾಡಿ ಹಾಕಿದ್ದಾರೆ. ಬೆಳಕು ನೆಲಕ್ಕೆ ಬೀಳುತ್ತೆ, ಹಾವು–ಚೇಳು ಕಾಣುತ್ತೆ, ಮೇಲೆ ನಕ್ಷತ್ರವೂ ಕಾಣುತ್ತೆ.

ಈ ಡಿಸೆಂಬರ್‌ಗೆ ಊರಿಗೆ ಬಸ್ ಬುಕ್ ಮಾಡಿ. ಫೋನ್ ಟ್ರೈಪಾಡ್ ಮೇಲಿರಲಿ, ಸ್ಕ್ರೀನ್ ನೋಡಬೇಡಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳೋಕೆ ಇಪ್ಪತ್ತು ನಿಮಿಷ ಬೇಕು. ಫೋಟೋ ಬರದಿದ್ದರೂ ಪರವಾಗಿಲ್ಲ, ಚುಕ್ಕಿ ಬೀಳೋದನ್ನ ಕಣ್ಣಾರೆ ನೋಡಿ ಬನ್ನಿ.