ಬೆಂಕಿಯಿಲ್ಲದ ಬಿಸಿ

ಸಿಂಧನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಚಿತ್ರೀಕರಣ ಮುಗಿಸಿ ಕ್ಯಾಮೆರಾವನ್ನು ಪೆಟ್ಟಿಗೆಗೆ ಸೇರಿಸುತ್ತಿದ್ದೆವು. ಪಿಯುಸಿ ಓದುವ ಹುಡುಗನೊಬ್ಬ ಬಂದು ನಿಂತ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದಿತ್ತು. ಅವನ ಮನೆಯವರ ಭತ್ತ ತಾಡಪಾಲಿನ ಕೆಳಗೆ ಮೂರು ದಿನದಿಂದ ರಾಶಿ ಬಿದ್ದಿತ್ತು.

"ಸರ್, ಯಾರೂ ಬೆಂಕಿ ಹಚ್ಚಿಲ್ಲ, ಬಿಸಿಲೂ ಬಿದ್ದಿಲ್ಲ. ನೆಲ್ಲಿನ ರಾಶಿ ಒಳಗ ಕೈ ಹಾಕಿದ್ರ ಬಿಸಿ ಹತ್ತತೈತಿ. ಈ ಬಿಸಿ ಎಲ್ಲಿಂದ ಬಂತ್ರಿ?"

ಈ ಭಾಗದಲ್ಲಿ ಭತ್ತಕ್ಕೆ ನೆಲ್ಲು ಎನ್ನುತ್ತಾರೆ. ಅವನ ಅಪ್ಪ ರಾಶಿಯ ಪಕ್ಕದಲ್ಲೇ ಮಾತಿಲ್ಲದೆ ಕುಳಿತಿದ್ದರು. ಬಿಸಿಯೇರಿದ ಕಾಳು ಹಳದಿಗೆ ತಿರುಗುತ್ತದೆ, ಬೆಲೆ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. 'ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲಾಗದು' ಎಂದು ಬಾಯಿಪಾಠ ಮಾಡಿ ಬಿ.ಎಸ್ಸಿ. ಪಾಸಾದ ನನಗೆ ಆ ಕ್ಷಣ ಸರಿಯಾದ ಉತ್ತರ ಹೊಳೆಯಲಿಲ್ಲ. ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಅದೇ ಪ್ರಶ್ನೆ ಜೊತೆಗೆ ಬಂತು. ಉತ್ತರದ ತುಣುಕುಗಳು ಆ ದಾರಿಯಲ್ಲೇ ಇದ್ದವು.

ಒಂದು ತೊಲ ಬಂಗಾರ, ಒಂದು ಗ್ರಾಂ ನೀರು

ವಿದ್ಯಾರ್ಥಿ ಮಿತ್ರರೇ, ಮೊದಲು ಎರಡು ಪದಗಳನ್ನು ಬೇರೆ ಮಾಡಿಕೊಳ್ಳೋಣ: ಶಾಖ ಮತ್ತು ತಾಪ. ವಸ್ತುವಿನ ಕಣಗಳು ಸರಾಸರಿ ಎಷ್ಟು ಜೋರಾಗಿ ಚಲಿಸುತ್ತಿವೆ ಎಂಬುದನ್ನು ತಾಪ ತಿಳಿಸುತ್ತದೆ. ಥರ್ಮಾಮೀಟರ್ ಅಳೆಯುವುದು ಇದನ್ನೇ. ಶಾಖವೆಂದರೆ ಹೆಚ್ಚು ತಾಪದ ಕಡೆಯಿಂದ ಕಡಿಮೆ ತಾಪದ ಕಡೆಗೆ ಹರಿಯುವ ಶಕ್ತಿ. ಇದನ್ನು ಜೂಲ್‌ಗಳಲ್ಲಿ ಅಳೆಯುತ್ತೇವೆ. ಇವೆರಡೂ ಒಂದೇ ಅಲ್ಲ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಳೆಯ ಲೆಕ್ಕದ ಒಂದು ತೊಲ, ಅಂದರೆ 11.66 ಗ್ರಾಂ ಚಿನ್ನವನ್ನು ಸಾಧಾರಣ ತಾಪದಿಂದ ಅಲ್ಲಿಯವರೆಗೆ ಕಾಯಿಸಿ ಕರಗಿಸಲು ಸುಮಾರು 2400 ಜೂಲ್ ಶಾಖ ಬೇಕು.

ಈಗ ಮನೆಯ ಮೂಲೆಯಲ್ಲಿರುವ ಮಣ್ಣಿನ ಗಡಿಗೆಯನ್ನು ನೋಡಿ. ಅದರ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಗಾಳಿಗೆ ಆವಿಯಾಗುತ್ತದೆ. ಹೀಗೆ ಒಂದೇ ಒಂದು ಗ್ರಾಂ ನೀರು ಆವಿಯಾಗಲು ಬೇಕಾದ ಶಾಖವೂ ಸುಮಾರು 2400 ಜೂಲ್! ಇದೇ ಗುಪ್ತೋಷ್ಣ. ಬೆಂಕಿಯಿಲ್ಲ, ಕುದಿತವಿಲ್ಲ. ಆದರೂ ಒಂದು ತೊಲ ಬಂಗಾರವನ್ನು ಕರಗಿಸುವಷ್ಟು ಶಾಖವನ್ನು ಒಂದು ಗ್ರಾಂ ನೀರು ಸದ್ದಿಲ್ಲದೆ ಹೊತ್ತೊಯ್ಯುತ್ತದೆ. ಆ ಶಾಖ ಬಹುಪಾಲು ಗಡಿಗೆಯಿಂದ ಮತ್ತು ಅದರಲ್ಲಿ ಉಳಿದ ನೀರಿನಿಂದ ಬರುವುದರಿಂದ ನೀರು ತಣ್ಣಗಾಗುತ್ತದೆ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ನಮ್ಮ ಬೆವರು ಮಾಡುವ ಕೆಲಸವೂ ಇದೇ.

ತಾಪ ಹೆಚ್ಚಿದ್ದಲ್ಲಿ ಶಾಖ ಕಡಿಮೆ ಸಾಕಾಗಬಹುದು, ತಾಪ ಕಡಿಮೆಯಿದ್ದಲ್ಲಿ ಶಾಖ ಹೆಚ್ಚು ಬೇಕಾಗಬಹುದು. ಇದು ಮೊದಲ ತುಣುಕು.

ಬಂಡೆ ಒಡೆದ ಶಾಖ

ಮಸ್ಕಿ ಎಂದೊಡನೆ ನೆನಪಾಗುವುದು ಅಶೋಕನ ಶಾಸನ. ಇತಿಹಾಸದ ಪುಸ್ತಕದಲ್ಲಿ ನೀವು ಓದಿದ್ದೀರಿ. 'ಅಶೋಕ' ಎಂಬ ಹೆಸರನ್ನೇ ಹೊತ್ತ ಶಾಸನ ಅದು. 1915ರಲ್ಲಿ ಅದನ್ನು ಗುರುತಿಸಿದ ಸಿ. ಬೀಡನ್ ಚಿನ್ನದ ಗಣಿಯ ಇಂಜಿನಿಯರು. ಈ ನೆಲದಲ್ಲಿ ಚಿನ್ನ ತೆಗೆಯುವ ಕೆಲಸ ಬಹಳ ಹಳೆಯದು. ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಗಣಿಗಾರರು ನೆಲದಡಿ ನೂರಾರು ಅಡಿ ಇಳಿದಿದ್ದರು.

ಸಿಡಿಮದ್ದು ಇಲ್ಲದ ಆ ಕಾಲದಲ್ಲಿ ಬಂಡೆ ಒಡೆಯಲು ಬೆಂಕಿಯೇ ಆಯುಧ. ಬಂಡೆಗೆ ಒತ್ತಿ ಕಟ್ಟಿಗೆ ಉರಿಸುತ್ತಿದ್ದರು. ಕಲ್ಲು ಶಾಖದ ಮಂದ ವಾಹಕ. ತಾಮ್ರಕ್ಕೆ ಹೋಲಿಸಿದರೆ ಅದರಲ್ಲಿ ಶಾಖ ಹರಿಯುವುದು ನೂರನೆಯ ಒಂದು ಪಾಲಿನಷ್ಟು ಮಾತ್ರ. ಹಾಗಾಗಿ ಮೇಲ್ಪದರ ಕಾದು ಹಿಗ್ಗುತ್ತದೆ, ಒಳಪದರ ತಣ್ಣಗೇ ಇರುತ್ತದೆ. ಆ ಎಳೆದಾಟಕ್ಕೆ ಬಂಡೆ ಬಿರುಕು ಬಿಡುತ್ತದೆ. ಕಾದ ಕಲ್ಲಿಗೆ ನೀರು ಎರಚಿದರಂತೂ ಮೇಲ್ಪದರ ತಟ್ಟನೆ ಕುಗ್ಗಿ ಇನ್ನಷ್ಟು ಸಿಡಿಯುತ್ತದೆ. ನೀರಿನ ಗುಪ್ತೋಷ್ಣದ ಬಲ ಅಲ್ಲಿಯೂ ಇದೆ.

ಮಂದ ವಾಹಕದಲ್ಲಿ ಶಾಖ ಹುಟ್ಟಿದ ಜಾಗದಲ್ಲೇ ಸಿಕ್ಕಿಬೀಳುತ್ತದೆ. ಇದು ಎರಡನೆಯ ತುಣುಕು.

ಬಂಧ ಮುರಿದರೆ ಖರ್ಚು, ಕೂಡಿದರೆ ಜಮೆ

ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟನ್ನು ಬಾಯ್ಲರಿಗೆ ಹಾಕಿ ಉರಿಸುತ್ತಾರೆ. ಒಂದು ಕ್ವಿಂಟಲ್ ಭತ್ತದಿಂದ ಸುಮಾರು 20 ಕಿಲೋ ಹೊಟ್ಟು ಬರುತ್ತದೆ. ಹೊಟ್ಟಿನಲ್ಲಿ ಶಾಖ ತುಂಬಿಕೊಂಡು ಕುಳಿತಿತ್ತೇ? ಇಲ್ಲ. ಮುಟ್ಟಿದರೆ ತಣ್ಣಗೇ ಇರುತ್ತದೆ. ಅದರಲ್ಲಿರುವುದು ರಾಸಾಯನಿಕ ಶಕ್ತಿ.

'ಬಂಧ ಮುರಿದಾಗ ಶಾಖ ಬಿಡುಗಡೆಯಾಗುತ್ತದೆ' ಎಂದು ಎಷ್ಟೋ ವಿದ್ಯಾರ್ಥಿಗಳು ಉತ್ತರ ಪತ್ರಿಕೆಯಲ್ಲಿ ಬರೆಯುತ್ತಾರೆ. ಅದು ತಪ್ಪು. ಪರಮಾಣುಗಳ ಬಂಧವನ್ನು ಮುರಿಯಲು ಶಕ್ತಿ ಖರ್ಚಾಗುತ್ತದೆ. ಹೊಸ ಬಂಧ ಕೂಡಿದಾಗ ಶಕ್ತಿ ಜಮೆಯಾಗುತ್ತದೆ. ಹೊಟ್ಟು ಉರಿದಾಗ ಹಳೆಯ ಬಂಧಗಳು ಮುರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಗಟ್ಟಿಯಾದ ಬಂಧಗಳು ಹುಟ್ಟುತ್ತವೆ. ಖರ್ಚಿಗಿಂತ ಜಮೆ ಹೆಚ್ಚು. ಮಿಕ್ಕದ್ದು ಶಾಖವಾಗಿ ಹೊರಬರುತ್ತದೆ. ಇದು ಬಹಿರುಷ್ಣಕ ಕ್ರಿಯೆ. ಮೊದಲ ಖರ್ಚಿಗೆ ಬಂಡವಾಳ ಬೇಕಲ್ಲ? ಕಡ್ಡಿ ಗೀರುವುದು ಅದಕ್ಕೇ.

ಖರ್ಚೇ ಹೆಚ್ಚಾದರೆ? ಬಕೆಟ್ಟಿನಲ್ಲಿ ಯೂರಿಯಾ ಕರಗಿಸುವ ರೈತರನ್ನು ಕೇಳಿ. ಬಕೆಟ್ಟು ತಣ್ಣಗಾಗುತ್ತದೆ ಎನ್ನುತ್ತಾರೆ. ಅಲ್ಲಿ ಹೊಸ ವಸ್ತುವೇನೂ ಹುಟ್ಟುವುದಿಲ್ಲ. ಆದರೆ ಹರಳಿನ ಕಣಗಳನ್ನು ಬಿಡಿಸಲು ತಗಲುವ ಶಕ್ತಿ, ಅವು ನೀರಿನೊಡನೆ ಕೂಡಿದಾಗ ಬರುವ ಶಕ್ತಿಗಿಂತ ಹೆಚ್ಚು. ಕೊರತೆಯನ್ನು ನೀರಿನ ಶಾಖವೇ ತುಂಬಿಕೊಡುತ್ತದೆ.

ರಾಶಿಯ ಉಸಿರು

ಈಗ ಹುಡುಗನ ಪ್ರಶ್ನೆಗೆ ಬರೋಣ. ಭತ್ತದ ಕಾಳು ಸತ್ತ ವಸ್ತುವಲ್ಲ, ಅದು ಬೀಜ. ಒಣಗಿದಾಗ ಅದರ ಉಸಿರಾಟ ಅತಿ ಮಂದ. ತೇವ ಸೇರಿದರೆ ಕಾಳು ಚುರುಕಾಗಿ ಉಸಿರಾಡುತ್ತದೆ, ಜೊತೆಗೆ ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ. ಕಾಳಿನ ಪಿಷ್ಟ ಸಕ್ಕರೆಯಾಗಿ, ಆ ಸಕ್ಕರೆ ಆಮ್ಲಜನಕದೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಗಿರಣಿಯ ಬಾಯ್ಲರಿನಲ್ಲಿ ಕೊನೆಗೆ ಉಂಟಾಗುವ ಅನಿಲಗಳೂ ಮುಖ್ಯವಾಗಿ ಇವೇ! ಅಲ್ಲಿ ಕ್ಷಣಗಳಲ್ಲಿ ಆಗುವುದು ಇಲ್ಲಿ ಕಿಣ್ವಗಳ ನೆರವಿನಿಂದ ದಿನಗಟ್ಟಲೆ ನಡೆಯುತ್ತದೆ. ಕಡ್ಡಿ ಗೀರುವ ಅಗತ್ಯವನ್ನೇ ಕಿಣ್ವಗಳು ತಪ್ಪಿಸುತ್ತವೆ.

ಒಂದು ಗ್ರಾಂ ಗ್ಲೂಕೋಸ್ ಹೀಗೆ ಪೂರ್ತಿ ಉತ್ಕರ್ಷಿಸಿದರೆ ಸುಮಾರು 15,600 ಜೂಲ್ ಬರುತ್ತದೆ. ಒಂದು ಕ್ವಿಂಟಲ್ ಭತ್ತದಲ್ಲಿ ಬರೀ 100 ಗ್ರಾಂ ಸಕ್ಕರೆ ಹೀಗೆ ಸವೆದರೂ, ಶಾಖ ಹೊರಹೋಗದಿದ್ದರೆ ಇಡೀ ರಾಶಿಯ ತಾಪ ಸುಮಾರು 8 ಡಿಗ್ರಿ ಏರುತ್ತದೆ. ಹೊರಹೋಗುವುದಾದರೂ ಹೇಗೆ? ಕಾಳುಗಳ ನಡುವೆ ನಿಂತ ಗಾಳಿಯಿಂದಾಗಿ ಭತ್ತದ ರಾಶಿ ಬಂಡೆಗಿಂತಲೂ ಮಂದ ವಾಹಕ. ತಾಡಪಾಲು ಹೊದಿಸಿದ್ದರಿಂದ ನೀರು ಆವಿಯಾಗಿ ಹೋಗುವ ದಾರಿಯೂ ಮುಚ್ಚಿತು. ಬಿಸಿ ಏರಿದಂತೆ ಉಸಿರಾಟ ಇನ್ನೂ ಚುರುಕು, ಉಸಿರಾಟ ಚುರುಕಾದಂತೆ ಇನ್ನೂ ಬಿಸಿ. ಆ ಬಿಸಿ ಬೇರೆಲ್ಲಿಂದಲೋ ಬಂದದ್ದಲ್ಲ. ಕಾಳು ತನ್ನನ್ನೇ ತಾನು ಸವೆಸಿಕೊಂಡು ತೆತ್ತದ್ದು.

ರೈತರು ಬಿಸಿಲು ಬಿದ್ದ ಕೂಡಲೇ ಭತ್ತವನ್ನು ತೆಳ್ಳಗೆ ಹರವಿ ಕಾಲಿನಿಂದ ಗೀರು ಎಳೆಯುವುದು ಏಕೆಂದು ಈಗ ತಿಳಿಯಿತಲ್ಲ? ಶಾಖಕ್ಕೂ ತೇವಕ್ಕೂ ಹೊರದಾರಿ ಸಿಗುತ್ತದೆ. ತೇವಾಂಶ ಶೇಕಡಾ 14ಕ್ಕೆ ಇಳಿದರೆ ಭತ್ತ ದಾಸ್ತಾನಿಗೆ ಯೋಗ್ಯ. ಮೋಡವಿದ್ದರೂ ಹೊದಿಕೆಯನ್ನು ಆಗಾಗ ತೆಗೆದು ರಾಶಿಯನ್ನು ಮಗುಚಿದರೆ ನಷ್ಟ ತಗ್ಗುತ್ತದೆ.

ನೀವೇ ಮಾಡಿ ನೋಡಿ. ಎರಡು ಥರ್ಮಾಸ್ ಫ್ಲಾಸ್ಕ್ ತೆಗೆದುಕೊಳ್ಳಿ. ಒಂದರಲ್ಲಿ ನೆನೆಸಿ ಮೊಳಕೆ ಬಂದ ಹೆಸರುಕಾಳು, ಇನ್ನೊಂದರಲ್ಲಿ ಅಷ್ಟೇ ಹೆಸರುಕಾಳನ್ನು ಬೇಯಿಸಿ ಆರಿಸಿ ತುಂಬಿ. ಎರಡರಲ್ಲೂ ಥರ್ಮಾಮೀಟರ್ ಇಟ್ಟು ಬಾಯಿಗೆ ಹತ್ತಿ ತುರುಕಿ. ಮರುದಿನ ಎರಡೂ ತಾಪಗಳನ್ನು ಬರೆದುಕೊಳ್ಳಿ. ಉಸಿರಾಡುವ ಕಾಳು ಯಾವುದೆಂದು ಪಾದರಸವೇ ಹೇಳುತ್ತದೆ.

ಲಿಂಗಸುಗೂರು ತಲುಪಿದ ಮೇಲೆ ಆ ಹುಡುಗನಿಗೆ ಇದನ್ನೆಲ್ಲ ಕಾಗದದಲ್ಲಿ ಬರೆದು ಕಳಿಸಿದೆ. ಮೊದಲ ಸಾಲು ಇಷ್ಟೇ: "ಮೊದಲು ತಾಡಪಾಲು ತೆಗೆಯಿರಿ; ಕಾರಣವನ್ನು ಆಮೇಲೆ ಓದಬಹುದು."