ಬಗ್ಗದ ಮಂಡಿಗೆ ಶಸ್ತ್ರಚಿಕಿತ್ಸೆ

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ, ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವ ನಮ್ಮ ಜನಕ್ಕೆ ಮಂಡಿ ಬಗ್ಗದಿದ್ದರೆ ಬದುಕೇ ಪರಾಧೀನವಾಗುತ್ತದೆ. ಸಹಜವಾದ ಮಂಡಿ ಸುಮಾರು 135ರಿಂದ 140 ಡಿಗ್ರಿಗಳಷ್ಟು ಮಡಚಬಲ್ಲದು. ಸಮತಟ್ಟಾದ ನೆಲದ ನಡಿಗೆಗೆ 60–70 ಡಿಗ್ರಿ ಸಾಕು. ಕುರ್ಚಿಯಿಂದ ಸರಾಗವಾಗಿ ಏಳಲು 90 ಡಿಗ್ರಿಗಿಂತ ತುಸು ಹೆಚ್ಚು ಬೇಕು. ಕುಕ್ಕರಿಸಲು 120 ಡಿಗ್ರಿಯನ್ನೂ ಮೀರಬೇಕು.

ಮಂಡಿ ಬಿಗಿಯಲು ಮುಖ್ಯ ಕಾರಣ ತೊಡೆಮೂಳೆಯ ಮುರಿತ ಹಾಗೂ ಆನಂತರದ ದೀರ್ಘಕಾಲದ ನಿಶ್ಚಲತೆ. ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಎಂಬ ನಾಲ್ಕು ಭಾಗಗಳ ಸ್ನಾಯುವಿನಲ್ಲಿ ಮೂಳೆಗೆ ತಾಗಿಕೊಂಡಿರುವುದು ವ್ಯಾಸ್ಟಸ್ ಇಂಟರ್‌ಮೀಡಿಯಸ್. ಗಾಯ ಮಾಯುವಾಗ ಇದು ನಾರುಗಟ್ಟಿ ಮೂಳೆಗೆ ಅಂಟಿಕೊಳ್ಳುತ್ತದೆ. ಕೀಲಿನೊಳಗೂ ಅಂಟುಪೊರೆಗಳು ಬೆಳೆದು ಮಂಡಿಚಿಪ್ಪಿನ ಜಾರುವಿಕೆಯನ್ನು ತಡೆಯುತ್ತವೆ. ಎಳೆಯ ಮಕ್ಕಳ ತೊಡೆಗೆ ಪದೇ ಪದೇ ಚುಚ್ಚುಮದ್ದು ಕೊಟ್ಟಾಗಲೂ ಸ್ನಾಯು ನಾರುಗಟ್ಟುವುದುಂಟು.

ವ್ಯಾಯಾಮದಿಂದ ಗುಣ ಕಾಣದಾಗ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ. ಬಿಗಿತವು ಕೀಲಿನೊಳಗೆ ಮಾತ್ರ ಇದ್ದರೆ ದರ್ಶಕನಳಿಕೆಯ ಮೂಲಕ ಅಂಟುಗಳನ್ನು ಬಿಡಿಸಬಹುದು. ಸ್ನಾಯುವೇ ಕುಗ್ಗಿದ್ದರೆ ಕ್ವಾಡ್ರಿಸೆಪ್ಸ್‌ಪ್ಲಾಸ್ಟಿ ಅಗತ್ಯ. 1922ರಲ್ಲಿ ಬೆನ್ನೆಟ್ ಅವರು ಸ್ನಾಯುರಜ್ಜುವನ್ನು ಉದ್ದಗೊಳಿಸುವ ವಿಧಾನವನ್ನು ವಿವರಿಸಿದರು. 1944ರಲ್ಲಿ ಥಾಂಪ್ಸನ್ ಅವರು ಮಧ್ಯದ ರೆಕ್ಟಸ್ ಫಿಮೊರಿಸ್ ಸ್ನಾಯುವನ್ನು ಅಕ್ಕಪಕ್ಕದವುಗಳಿಂದ ಬಿಡಿಸಿ, ಕೆಟ್ಟ ಇಂಟರ್‌ಮೀಡಿಯಸ್ ಭಾಗವನ್ನು ತೆಗೆದುಹಾಕುವ ಕ್ರಮವನ್ನು ಪ್ರಕಟಿಸಿದರು. ಈ ವಿಧಾನಗಳಲ್ಲಿ ಮಂಡಿ ಬಾಗಿದರೂ, ಕಾಲನ್ನು ಸ್ವಂತ ಬಲದಿಂದ ಪೂರ್ತಿ ನೀಡಲಾಗದ ದೌರ್ಬಲ್ಯ ಕೆಲವರಲ್ಲಿ ಉಳಿಯುತ್ತಿತ್ತು. 1959ರಲ್ಲಿ ಫ್ರಾನ್ಸಿನ ಜ್ಯೂಡೆ ಅವರು ಪ್ರಕಟಿಸಿದ ಕ್ರಮದ ತತ್ತ್ವವೇ ಬೇರೆ. ಇಲ್ಲಿ ಸ್ನಾಯುರಜ್ಜುವನ್ನು ಕತ್ತರಿಸುವುದಿಲ್ಲ. ಮೊದಲು ಕೀಲಿನ ಅಂಟುಗಳನ್ನೂ, ಬಳಿಕ ಮೂಳೆಗೆ ಅಂಟಿದ ಸ್ನಾಯುವನ್ನೂ ಬಿಡಿಸಿ, ಅಗತ್ಯವಿದ್ದಲ್ಲಿ ಅದರ ಮೇಲಿನ ಮೂಲವನ್ನೇ ಸಡಿಲಿಸಿ ಇಡೀ ಸ್ನಾಯುವನ್ನು ಕೆಳಕ್ಕೆ ಜಾರಿಸಲಾಗುತ್ತದೆ. ಪ್ರತಿ ಹಂತದಲ್ಲಿ ಮಂಡಿಯನ್ನು ಮಡಚಿ ನೋಡಿ, ಸಾಕಷ್ಟು ಬಾಗಿದೊಡನೆ ಅಲ್ಲಿಗೇ ನಿಲ್ಲಿಸಬಹುದು. ಆದರೆ ಗಾಯ ದೊಡ್ಡದು. ರಕ್ತಸ್ರಾವ, ಸೋಂಕುಗಳ ಭಯವಿದೆ.

ಶಸ್ತ್ರವೈದ್ಯನ ಕೆಲಸ ಮುಗಿದಲ್ಲಿ ರೋಗಿಯ ಕೆಲಸ ಆರಂಭವಾಗುತ್ತದೆ. ಬಿಡಿಸಿದ ಅಂಗಾಂಶಗಳು ಮತ್ತೆ ಅಂಟಿಕೊಳ್ಳಲು ಕಾದಿರುತ್ತವೆ. ಆದುದರಿಂದ ನೋವುಶಾಮಕಗಳ ನೆರವಿನಿಂದ ಆರಂಭದ ದಿನಗಳಲ್ಲೇ ಮಂಡಿಯನ್ನು ಆಡಿಸತೊಡಗಿ, ತಿಂಗಳುಗಟ್ಟಲೆ ಮುಂದುವರಿಸಬೇಕು. ಶಸ್ತ್ರಕ್ರಿಯೆಯ ಮೇಜಿನ ಮೇಲೆ ದೊರೆತ ಬಾಗುವಿಕೆಯಲ್ಲಿ ಸ್ವಲ್ಪ ಭಾಗ ಬಳಿಕ ನಷ್ಟವಾಗುವುದು ಸಾಮಾನ್ಯ. ಪೂರ್ಣ ಬಾಗುವಿಕೆಯ ಭರವಸೆಯನ್ನು ಯಾವ ವಿಧಾನವೂ ನೀಡಲಾರದು. ಈ ಮಿತಿಯನ್ನು ರೋಗಿಗೆ ಮೊದಲೇ ತಿಳಿಸುವುದು ವೈದ್ಯಧರ್ಮ. ಇದಕ್ಕಿಂತ ಮೇಲಾದುದು, ಮುರಿದ ಮೂಳೆಯನ್ನು ಭದ್ರವಾಗಿ ಕೂಡಿಸಿ ಮಂಡಿಯನ್ನು ಬೇಗನೆ ಆಡಿಸಿ, ಬಿಗಿತವೇ ಬಾರದಂತೆ ನೋಡಿಕೊಳ್ಳುವುದು.